ಸೋತು ಸೋತು ಗೆದ್ದ ಸೈನ್ಯ: ಅಮೆರಿಕದ 13 ವಸಾಹತುಗಳ ಯುದ್ಧ

ಅಮೆರಿಕದ ಸ್ವಾತಂತ್ರ್ಯ ಯುದ್ಧ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಹೈಸ್ಕೂಲಿನ ಸಮಾಜ ಪಾಠ ನೆನಪಾಗುತ್ತದೆ. ಬಾಸ್ಟನ್ ಬಂದರಿನ ಚಹಾ, ಜುಲೈ 4, ಜಾರ್ಜ್ ವಾಷಿಂಗ್ಟನ್. ಎರಡು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ 1776ರ ಜುಲೈ 4ರಂದು ಕಾಗದದ ಮೇಲೆ ಸ್ವಾತಂತ್ರ್ಯ ಸಾರಿದ ಮೇಲೆ, ಅದನ್ನು ಬ್ರಿಟನ್ ಒಪ್ಪಿ ಸಹಿ ಹಾಕುವುದಕ್ಕೆ ಇನ್ನೂ ಏಳು ವರ್ಷ ಹಿಡಿಯಿತು. ಆ ಏಳು ವರ್ಷ ಏನು ನಡೆಯಿತು ಅನ್ನುವುದು ಪಾಠದಲ್ಲಿ ಇರಲಿಲ್ಲ, ಅಲ್ವಾ? ನಾನು ಇವತ್ತು ಹೇಳುವುದು ಅದನ್ನೇ. ಕುದುರೆ, ಕತ್ತಿ, ಬಾವುಟಕ್ಕಿಂತ ಜಾಸ್ತಿ ಹಿಟ್ಟು, ಬೂಟು, ಬಂದೂಕಿನ ಮದ್ದು, ಸಂಬಳದ ಕಥೆ ಹೇಳುತ್ತೇನೆ. ಯಾಕಂದರೆ ವಾಷಿಂಗ್ಟನ್ ತಾನೇ ಮುಂದೆ ನಿಂತು ಮಾಡಿದ ದೊಡ್ಡ ಕಾಳಗಗಳಲ್ಲಿ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಆದರೂ ಯುದ್ಧ ಗೆದ್ದರು. ಹೇಗೆ ಅಂತ ತಿಳಿಯಬೇಕಾದರೆ ರಣರಂಗ ಬಿಟ್ಟು ಉಗ್ರಾಣಕ್ಕೆ ಹೋಗಬೇಕು.

ಜಗಳ ಹುಟ್ಟಿದ್ದೇ ಸಾಲದಿಂದ. 1763ಕ್ಕೆ ಬ್ರಿಟನ್ ಏಳು ವರ್ಷಗಳ ಯುದ್ಧವೊಂದನ್ನು ಮುಗಿಸಿತ್ತು. ಎದುರಾಳಿ ಫ್ರಾನ್ಸ್. ಯುರೋಪಿನಲ್ಲಿ, ಕೆನಡಾದಲ್ಲಿ, ನಮ್ಮ ಕೋರಮಂಡಲ ಕರಾವಳಿಯಲ್ಲಿ, ಎಲ್ಲ ಕಡೆ ಗೆದ್ದಿತ್ತು. ಕೆನಡಾ ಕೈಗೆ ಬಂತು. ಜೊತೆಗೆ ಸುಮಾರು 13 ಕೋಟಿ ಪೌಂಡಿನಷ್ಟು ಸಾಲವೂ ತಲೆ ಮೇಲೆ ಕೂತಿತು. ಲಂಡನ್ನಿನವರ ವಾದ ಸರಳ: ಯುದ್ಧ ಮಾಡಿದ್ದು ನಿಮ್ಮನ್ನು ಕಾಪಾಡುವುದಕ್ಕೂ ಹೌದು, ನೀವೂ ಸ್ವಲ್ಪ ಕೊಡಿ. ವಸಾಹತುಗಳ ವಾದವೂ ಸರಳ: ಕೊಡುವುದು ಬಿಡುವುದು ನಮ್ಮ ಸಭೆಗಳಲ್ಲಿ ನಾವು ತೀರ್ಮಾನಿಸುತ್ತೇವೆ, ನಮ್ಮ ಒಬ್ಬ ಸದಸ್ಯನೂ ಇಲ್ಲದ ನಿಮ್ಮ ಪಾರ್ಲಿಮೆಂಟ್ ಅಲ್ಲ. ಅಣ್ಣ ಸಾಲ ಮಾಡಿ ಮನೆ ರಿಪೇರಿ ಮಾಡಿಸಿ, ಬೇರೆ ಸಂಸಾರ ಹೂಡಿರುವ ತಮ್ಮನಿಗೆ ಒಂದು ಮಾತೂ ಕೇಳದೆ ಕಂತಿನ ಚೀಟಿ ಕಳಿಸಿದ ಹಾಗೆ. ರಿಪೇರಿ ಆದದ್ದು ಸುಳ್ಳಲ್ಲ. ತಮ್ಮನ ಸಿಟ್ಟೂ ಸುಳ್ಳಲ್ಲ.

1765ರಲ್ಲಿ ಸ್ಟಾಂಪ್ ತೆರಿಗೆ ಬಂತು. ಪತ್ರ, ಕರಾರು, ಪತ್ರಿಕೆ, ಇಸ್ಪೀಟು ಎಲೆಗೂ ತೆರಿಗೆ. ಗಲಾಟೆಯಾಗಿ ಮರುವರ್ಷವೇ ವಾಪಸ್ ಹೋಯಿತು. 1767ರಲ್ಲಿ ಗಾಜು, ಬಣ್ಣ, ಕಾಗದ, ಚಹಾದ ಮೇಲೆ ಸುಂಕ. ಅದಕ್ಕೂ ಗಲಾಟೆ. 1770ರಲ್ಲಿ ಮಿಕ್ಕದ್ದನ್ನೆಲ್ಲ ತೆಗೆದು, ಚಹಾದ ಮೇಲೆ ಮಾತ್ರ ಒಂದು ಪೌಂಡ್ ತೂಕಕ್ಕೆ 3 ಪೆನ್ಸ್ ಉಳಿಸಿಕೊಂಡರು. ದುಡ್ಡಿಗಾಗಿ ಅಲ್ಲ, ಹಕ್ಕು ಬಿಟ್ಟುಕೊಡಬಾರದು ಅಂತ.

ಈ ಚಹಾ ಯಾರದು? ಈಸ್ಟ್ ಇಂಡಿಯಾ ಕಂಪನಿಯದು. ಹೌದು, ನಮ್ಮನ್ನು ಆಳಿದ ಅದೇ ಕಂಪನಿ. ಎಲೆ ಮಾತ್ರ ಇಲ್ಲಿಯದಲ್ಲ, ಚೀನಾದ್ದು. ಅಸ್ಸಾಮಿನ ತೋಟಗಳು ಬಂದದ್ದು ಎಷ್ಟೋ ವರ್ಷ ಆದ ಮೇಲೆ. ಕಂಪನಿಗೆ ಆಗ ಕಷ್ಟದ ಕಾಲ. 1769ರಲ್ಲಿ ಹೈದರ್ ಅಲಿಯ ಕುದುರೆ ದಂಡು ಮದರಾಸಿನ ಬಾಗಿಲಿಗೇ ಹೋಗಿ ನಿಂತು ಸಂಧಿ ಮಾಡಿಸಿಕೊಂಡಿತು. ಹೈದರನ ದಾಳಿಯ ಸುದ್ದಿಗೆ ಲಂಡನ್ನಿನಲ್ಲಿ ಕಂಪನಿಯ ಷೇರು ಬಿತ್ತು. ಮರುವರ್ಷ ಬಂಗಾಳದಲ್ಲಿ ಭೀಕರ ಕ್ಷಾಮ. 1772ರಲ್ಲಿ ಲಂಡನ್ನಿನ ಬ್ಯಾಂಕುಗಳೇ ಮುಗ್ಗರಿಸಿದವು. ಕಂಪನಿಯ ಗೋದಾಮಿನಲ್ಲಿ ಮಾತ್ರ ಮಾರಾಟವಾಗದ ಚಹಾ ರಾಶಿ ಬಿದ್ದಿತ್ತು. ಕಂಪನಿ ಮುಳುಗಿದರೆ ಪಾರ್ಲಿಮೆಂಟ್ ಸದಸ್ಯರ ದುಡ್ಡೂ ಮುಳುಗುತ್ತಿತ್ತು. ಹಾಗಾಗಿ 1773ರಲ್ಲಿ ಹೊಸ ಕಾನೂನು ತಂದರು: ಕಂಪನಿ ತನ್ನ ಏಜೆಂಟರ ಮೂಲಕ ನೇರವಾಗಿ ಅಮೆರಿಕದಲ್ಲೇ ಚಹಾ ಮಾರಬಹುದು.

ಇದರಿಂದ ಚಹಾ ದುಬಾರಿಯಾಗಲಿಲ್ಲ, ಅಗ್ಗವಾಯಿತು. ಅಗ್ಗದ ಚಹಾಕ್ಕೆ ಯಾಕೆ ಸಿಟ್ಟು ಅಂತ ನೀವು ಕೇಳಬಹುದು. ಒಂದು, ಆ ಅಗ್ಗದ ಬೆಲೆಯೊಳಗೆ 3 ಪೆನ್ಸ್ ಸುಂಕ ಸುಮ್ನೆ ಕೂತಿತ್ತು. ಕುಡಿದರೆ ಸುಂಕ ಒಪ್ಪಿದ ಹಾಗೆ. ಎರಡನೆಯದು ಅಷ್ಟೇನೂ ಉದಾತ್ತ ಅಲ್ಲ. ಬಾಸ್ಟನ್ನಿನ ಎಷ್ಟೋ ವ್ಯಾಪಾರಿಗಳು ಡಚ್ಚರ ಚಹಾ ಕಳ್ಳಸಾಗಣೆ ಮಾಡಿ ಬದುಕುತ್ತಿದ್ದರು. ಅವರ ವ್ಯಾಪಾರಕ್ಕೆ ಕಲ್ಲು ಬೀಳುತ್ತಿತ್ತು. 1773ರ ಡಿಸೆಂಬರ್ 16ರ ರಾತ್ರಿ ಮೂರು ಹಡಗುಗಳಿಂದ 340ಕ್ಕೂ ಹೆಚ್ಚು ಪೆಟ್ಟಿಗೆ ಚಹಾ ನೀರಿಗೆ ಬಿತ್ತು. ಕ್ರಾಂತಿಯಲ್ಲಿ ಆದರ್ಶ ಇರುತ್ತದೆ, ಲಾಭನಷ್ಟದ ಲೆಕ್ಕವೂ ಇರುತ್ತದೆ. ಎರಡನ್ನೂ ಒಟ್ಟಿಗೆ ನೋಡುವುದಕ್ಕೆ ನಾವು ಯಾಕೋ ನಾಚಿಕೊಳ್ಳುತ್ತೇವೆ.

ಬ್ರಿಟನ್ ಕೊಟ್ಟ ಉತ್ತರ ಬಾಸ್ಟನ್ ಬಂದರನ್ನೇ ಮುಚ್ಚುವುದು. ಒಂದೂರಿಗೆ ಬುದ್ಧಿ ಕಲಿಸಿದರೆ ಮಿಕ್ಕವರು ತಣ್ಣಗಾಗುತ್ತಾರೆ ಅನ್ನುವ ಎಣಿಕೆ. ಆದದ್ದು ಉಲ್ಟಾ. ದಕ್ಷಿಣ ಕರೋಲಿನಾದಿಂದ ಬಾಸ್ಟನ್ನಿಗೆ ಅಕ್ಕಿ ಬಂತು, ಕನೆಕ್ಟಿಕಟ್ಟಿನಿಂದ ಕುರಿಗಳನ್ನು ಹೊಡೆದುಕೊಂಡು ಬಂದರು. ಅಲ್ಲಿಯವರೆಗೆ ಈ 13 ವಸಾಹತುಗಳಿಗೆ ಒಂದರ ಮುಖ ಇನ್ನೊಂದು ಕಂಡರೆ ಆಗುತ್ತಿರಲಿಲ್ಲ. ಗಡಿ ಜಗಳ, ಪಂಥದ ಜಗಳ, ವ್ಯಾಪಾರದ ಜಗಳ. 1774ರ ಸೆಪ್ಟೆಂಬರಿನಲ್ಲಿ 12 ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು. ವಸಾಹತುಗಳ ಈ ಸಭೆಗೆ ಕಾಂಗ್ರೆಸ್ ಅಂತ ಹೆಸರು. ಜಾರ್ಜಿಯಾ ಮಾತ್ರ ಬರಲಿಲ್ಲ. ಬ್ರಿಟಿಷ್ ಸಾಮಾನು ಬಹಿಷ್ಕಾರ ಅಂತ ತೀರ್ಮಾನಿಸಿ, ಅದನ್ನು ಜಾರಿ ಮಾಡುವುದಕ್ಕೆ ಊರೂರಿಗೆ ಸಮಿತಿ ಕಟ್ಟಿದರು. ಇದು ಯಾರ ಕಣ್ಣಿಗೂ ಬೀಳದ ದೊಡ್ಡ ಕೆಲಸ. ಮೊದಲ ಗುಂಡು ಹಾರುವ ಮುಂಚೆಯೇ ಹಳ್ಳಿಗಳ ಆಡಳಿತ ರಾಜನ ಅಧಿಕಾರಿಗಳ ಕೈಯಿಂದ ಜಾರಿ ಈ ಸಮಿತಿಗಳ ಕೈಗೆ ಬಂದಿತ್ತು. ಮುಂದಿನ ಎಂಟು ವರ್ಷ ಬ್ರಿಟಿಷ್ ಸೈನ್ಯ ಊರುಗಳನ್ನು ಗೆಲ್ಲುತ್ತಾ ಹೋಯಿತು. ಸೈನ್ಯ ಆಚೆ ಹೊರಟ ಮರುದಿನ ಆ ಊರು ಮತ್ತೆ ಸಮಿತಿಯದೇ.

1775ರ ಏಪ್ರಿಲ್ 19. ಬಾಸ್ಟನ್ನಿನಿಂದ ಸುಮಾರು 700 ಸೈನಿಕರು ಕಾಂಕರ್ಡ್ ಅನ್ನುವ ಊರಿಗೆ ಹೊರಟರು. ಯಾಕೆ? ಅಲ್ಲಿ ಬಚ್ಚಿಟ್ಟಿದ್ದ ಮದ್ದು, ಫಿರಂಗಿ, ಹಿಟ್ಟಿನ ಪೀಪಾಯಿ ಹಾಳು ಮಾಡುವುದಕ್ಕೆ. ಯುದ್ಧ ಶುರುವಾದದ್ದೇ ಉಗ್ರಾಣದ ಮೇಲಿನ ದಾಳಿಯಿಂದ. ದಾರಿಯಲ್ಲಿ ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು. ವಾಪಸ್ ಬರುವಾಗ ದಾರಿಯುದ್ದಕ್ಕೂ ರೈತರು ಗೋಡೆ, ಮರದ ಮರೆಯಿಂದ ಹೊಡೆದರು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಬ್ರಿಟಿಷರ ನಷ್ಟ 273. ಎರಡು ತಿಂಗಳಿಗೆ ಬಂಕರ್ ಹಿಲ್ ಕಾಳಗ. ಗುಡ್ಡ ಬ್ರಿಟಿಷರದಾಯಿತು. ಆದರೆ ಅದಕ್ಕೆ ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಗಾಯಗೊಂಡರು. ವಸಾಹತಿನವರು ಗುಡ್ಡ ಬಿಟ್ಟದ್ದು ಮದ್ದು ಮುಗಿದು ಹೋದದ್ದರಿಂದ.

ವಾಷಿಂಗ್ಟನ್ ಬಂದು ಸೈನ್ಯದ ಹೊಣೆ ಹೊತ್ತುಕೊಂಡದ್ದು ಆಮೇಲೆ. ಆಗಸ್ಟಿನಲ್ಲಿ ಮದ್ದಿನ ಲೆಕ್ಕ ತೆಗೆಸಿದರು. ಪೀಪಾಯಿಗಳು 308 ಇವೆ ಅಂದುಕೊಂಡಿದ್ದರು, ಇದ್ದದ್ದು 36. ಒಬ್ಬೊಬ್ಬ ಸೈನಿಕನಿಗೆ ಹೆಚ್ಚೆಂದರೆ 9 ಸುತ್ತು ಗುಂಡು ಬರುತ್ತಿತ್ತು. ಲೆಕ್ಕ ಕೇಳಿ ಸೇನಾಪತಿ ಅರ್ಧ ಗಂಟೆ ಬಾಯೇ ಬಿಡಲಿಲ್ಲ ಅಂತ ಅಲ್ಲಿದ್ದ ಜನರಲ್ ಸಲಿವನ್ ಬರೆದಿದ್ದಾರೆ. ಎದುರಿಗೆ ಬಾಸ್ಟನ್ನಿನಲ್ಲಿ ಜಗತ್ತಿನ ಬಲಿಷ್ಠ ಸಾಮ್ರಾಜ್ಯದ ಸೈನ್ಯ. ಇವರು ಮುತ್ತಿಗೆ ಹಾಕಿದವರ ಹಾಗೆ ನಟಿಸಿಕೊಂಡು ತಿಂಗಳುಗಟ್ಟಲೆ ಕೂತರು. ವಸಾಹತುಗಳಲ್ಲಿ ಹೇಳಿಕೊಳ್ಳುವಂಥ ಮದ್ದಿನ ಕಾರ್ಖಾನೆಯೇ ಇರಲಿಲ್ಲ. ಮೊದಲ ಎರಡು ಮೂರು ವರ್ಷ ಸುಟ್ಟ ಮದ್ದಿನಲ್ಲಿ ಬಹುಪಾಲು ಹೊರಗಿನಿಂದ, ಅದರಲ್ಲೂ ಫ್ರಾನ್ಸಿನಿಂದ, ಕೆರಿಬಿಯನ್ ದ್ವೀಪಗಳ ಮೂಲಕ ಕದ್ದುಮುಚ್ಚಿ ಬಂದದ್ದು.

ಫಿರಂಗಿಯ ಕಥೆ ಇನ್ನೂ ಚೆನ್ನಾಗಿದೆ. ಹೆನ್ರಿ ನಾಕ್ಸ್ ಅಂತ ಒಬ್ಬ ಹುಡುಗ. ಬಾಸ್ಟನ್ನಿನಲ್ಲಿ ಪುಸ್ತಕದ ಅಂಗಡಿ. ಫಿರಂಗಿ ವಿದ್ಯೆ ಕಲಿತದ್ದು ಬಹಳಮಟ್ಟಿಗೆ ಅಂಗಡಿಯ ಪುಸ್ತಕ ಓದಿಯೇ. ವಯಸ್ಸು 25. ಉತ್ತರದಲ್ಲಿ ಸುಮಾರು 300 ಮೈಲಿ ದೂರದ ಟೈಕಾಂಡೆರೋಗಾ ಕೋಟೆಯಲ್ಲಿ ಬ್ರಿಟಿಷರಿಂದ ಕಿತ್ತುಕೊಂಡ ಫಿರಂಗಿಗಳು ಬಿದ್ದಿವೆ, ತರುತ್ತೇನೆ ಅಂದ. ನಡು ಚಳಿಗಾಲದಲ್ಲಿ, ಹಿಮದ ಮೇಲೆ ಜಾರುವ ಬಂಡಿಗೆ ಎತ್ತು ಕುದುರೆ ಕಟ್ಟಿ, ಹೆಪ್ಪುಗಟ್ಟಿದ ನದಿ ದಾಟಿ 59 ಫಿರಂಗಿ ಎಳೆದು ತಂದ. ಕೆಲವು ಕಡೆ ಮಂಜುಗಡ್ಡೆ ಒಡೆದು ಫಿರಂಗಿ ನೀರಿಗೆ ಬಿತ್ತು, ಮತ್ತೆ ಎತ್ತಿದರು. 1776ರ ಮಾರ್ಚ್ ಮೊದಲ ವಾರ ಒಂದೇ ರಾತ್ರಿಯಲ್ಲಿ ಅವನ್ನು ಬಾಸ್ಟನ್ ಮೇಲಿನ ಗುಡ್ಡಕ್ಕೆ ಏರಿಸಿದರು. ಬೆಳಗ್ಗೆ ಎದ್ದು ನೋಡಿದ ಬ್ರಿಟಿಷರು ಮಾರ್ಚ್ 17ಕ್ಕೆ ಊರು ಖಾಲಿ ಮಾಡಿದರು.

ಈಗ ಎದುರು ಕಡೆಯನ್ನೂ ನೋಡೋಣ. ಬ್ರಿಟನ್ನಿಗೆ ಸೈನಿಕರಿದ್ದರು, ಹಡಗಿತ್ತು, ಸಾಲ ಕೊಡುವವರಿದ್ದರು. ಇಲ್ಲದೆ ಇದ್ದದ್ದು ಹತ್ತಿರ. ನಡುವೆ 3,000 ಮೈಲಿ ಸಮುದ್ರ. ಒಂದು ಪತ್ರ ಹೋಗಿ ಉತ್ತರ ಬರುವುದಕ್ಕೆ ಮೂರು ನಾಲ್ಕು ತಿಂಗಳು. ಊರಿನ ಜನ ಧಾನ್ಯ ಮಾರದೆ ಇದ್ದದ್ದರಿಂದ ಸೈನ್ಯಕ್ಕೆ ಬೇಕಾದ ಉಪ್ಪು ಹಾಕಿದ ಮಾಂಸ, ಬೆಣ್ಣೆ, ಹಿಟ್ಟು ಎಲ್ಲ ಐರ್ಲೆಂಡಿನ ಕಾರ್ಕ್ ಬಂದರಿನಿಂದ ಬರಬೇಕು. ಬರುವಾಗ ಅರ್ಧ ಕೊಳೆಯುತ್ತಿತ್ತು. ತಮ್ಮ ಸೈನಿಕರು ಸಾಲದೆ ಜರ್ಮನ್ ಸಣ್ಣ ರಾಜರಿಂದ ತುಕಡಿಗಳನ್ನು ಬಾಡಿಗೆಗೆ ತಂದರು. ಯುದ್ಧ ಮುಗಿಯುವ ಹೊತ್ತಿಗೆ ಹೀಗೆ ಬಂದವರು ಸುಮಾರು 30,000. ಹೆಸ್ಸೆ ಪ್ರಾಂತ್ಯದವರು ಜಾಸ್ತಿ ಇದ್ದದ್ದರಿಂದ ಎಲ್ಲರಿಗೂ ಹೆಸ್ಸಿಯನ್ನರು ಅಂತಲೇ ಹೆಸರು.

1776ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಮುಂದೆ ಬ್ರಿಟನ್ 30,000ಕ್ಕೂ ಹೆಚ್ಚು ಸೈನಿಕರನ್ನು ಇಳಿಸಿತು. ವಾಷಿಂಗ್ಟನ್ ಅಲ್ಲಿ ಎದುರಿಗೆ ನಿಂತು ಸರಿಯಾಗಿ ಸೋತರು. ಆಗಸ್ಟ್ 29ರ ರಾತ್ರಿ ಸುಮಾರು 9,000 ಜನರನ್ನು ದೋಣಿಗಳಲ್ಲಿ ಈಸ್ಟ್ ನದಿ ದಾಟಿಸಿದ್ದು ಮಾರ್ಬಲ್‌ಹೆಡ್ ಊರಿನ ಮೀನುಗಾರರು. ಬೆಳಗಿನ ಜಾವ ಮಂಜು ಕವಿದು ಕಾಪಾಡಿತು. ಇಲ್ಲದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆಮೇಲೆ ಸೋಲಿನ ಮೇಲೆ ಸೋಲು, ಓಟದ ಮೇಲೆ ಓಟ. ಡಿಸೆಂಬರಿನ ಹೊತ್ತಿಗೆ ಕೈಯಲ್ಲಿ ಉಳಿದದ್ದು ಕೆಲವೇ ಸಾವಿರ ಜನ. ಅವರಲ್ಲೂ ಹೆಚ್ಚಿನವರ ಕರಾರು ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಆವತ್ತು ಮೂಟೆ ಕಟ್ಟಿಕೊಂಡು ಮನೆಗೆ ಹೋಗುವ ಹಕ್ಕು ಅವರಿಗಿತ್ತು.

ಹಾಗಾಗಿ ಕ್ರಿಸ್‌ಮಸ್ ರಾತ್ರಿ ಡೆಲವೇರ್ ನದಿ ದಾಟಿದ ಆ ಪ್ರಸಿದ್ಧ ದಾಳಿಯನ್ನು ಧೈರ್ಯದ ಕಥೆಯಾಗಿ ಮಾತ್ರ ನೋಡಬೇಡಿ. ಅದು ತಾರೀಖಿನ ಒತ್ತಡದ ಕಥೆ ಕೂಡ. ಇನ್ನು ಆರು ದಿನಕ್ಕೆ ಸೈನ್ಯವೇ ಇರುವುದಿಲ್ಲ. ಮಂಜುಗಡ್ಡೆ ತೇಲುವ ನದಿಯಲ್ಲಿ 2,400 ಜನರನ್ನು ದಾಟಿಸಿದವರು ಮತ್ತೆ ಅದೇ ಮಾರ್ಬಲ್‌ಹೆಡ್ಡಿನವರು. ಬೆಳಗ್ಗೆ ಟ್ರೆಂಟನ್ನಿನಲ್ಲಿ ಸುಮಾರು 900 ಹೆಸ್ಸಿಯನ್ನರು ಸೆರೆಯಾದರು. ಆ ಗೆಲುವು ತೋರಿಸಿ, ತಲೆಗೆ 10 ಡಾಲರ್ ಕೊಡುತ್ತೇನೆ ಇನ್ನು ಆರು ವಾರ ಇರಿ ಅಂತ ವಾಷಿಂಗ್ಟನ್ ಸೈನಿಕರನ್ನು ಬೇಡಿಕೊಂಡರು. ಅರ್ಧದಷ್ಟು ಜನ ಉಳಿದರು. ನ್ಯೂಯಾರ್ಕಿನಿಂದ ಕಲಿತದ್ದು ಇಷ್ಟು: ಊರು ಹೋದರೆ ಹೋಗಲಿ, ಸೈನ್ಯ ಉಳಿಯಬೇಕು. ಬ್ರಿಟಿಷರು ನ್ಯೂಯಾರ್ಕ್ ಹಿಡಿದರು, 1777ರಲ್ಲಿ ರಾಜಧಾನಿ ಫಿಲಡೆಲ್ಫಿಯಾವನ್ನೂ ಹಿಡಿದರು. ಯುರೋಪಿನ ಲೆಕ್ಕದಲ್ಲಿ ಯುದ್ಧ ಮುಗಿಯಬೇಕಿತ್ತು. ಕಾಂಗ್ರೆಸ್ ಗಂಟುಮೂಟೆ ಕಟ್ಟಿ ಯಾರ್ಕ್ ಅನ್ನುವ ಸಣ್ಣ ಊರಿಗೆ ಹೋಗಿ ಸಭೆ ನಡೆಸಿತು, ಅಷ್ಟೆ.

ಇನ್ನೊಂದು ತೀರ್ಮಾನದ ಬಗ್ಗೆ ಹೇಳಬೇಕು. ಆ ವರ್ಷಗಳಲ್ಲಿ ಖಂಡದುದ್ದಕ್ಕೂ ಸಿಡುಬು ಹರಡಿತ್ತು. ಕೆನಡಾ ಮೇಲೆ ಹೋದ ಅಮೆರಿಕನ್ ಸೈನ್ಯವನ್ನು ಅದೇ ಅರ್ಧ ನುಂಗಿತು. ಬ್ರಿಟಿಷ್ ಸೈನಿಕರಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಬಂದುಹೋಗಿತ್ತು. 1777ರ ಆರಂಭದಲ್ಲಿ ವಾಷಿಂಗ್ಟನ್ ಇಡೀ ಸೈನ್ಯಕ್ಕೆ ಚುಚ್ಚಿಸಿ ಅಂತ ಆಜ್ಞೆ ಮಾಡಿದರು. ಜೆನ್ನರನ ಲಸಿಕೆ ಆಗ ಇನ್ನೂ ಬಂದಿರಲಿಲ್ಲ. ರೋಗಿಯ ಗುಳ್ಳೆಯ ಕೀವನ್ನೇ ಚರ್ಮಕ್ಕೆ ಗೀರಿ ಹಚ್ಚುವುದು. ಕೆಲವರು ಅದರಿಂದಲೇ ಸಾಯುತ್ತಿದ್ದರು, ಚುಚ್ಚಿಸಿಕೊಂಡವರು ವಾರಗಟ್ಟಲೆ ಮಲಗುತ್ತಿದ್ದರು. ಆ ಸಮಯದಲ್ಲಿ ವೈರಿಗೆ ಗೊತ್ತಾದರೆ ಮುಗಿಯಿತು. ಗುಟ್ಟಾಗಿ, ತಂಡ ತಂಡವಾಗಿ ಮಾಡಿಸಿದರು. ನನ್ನ ಕೇಳಿದರೆ ಟ್ರೆಂಟನ್ನಿಗಿಂತ ದೊಡ್ಡ ಗೆಲುವು ಇದೇ. ಆದರೆ ಕೀವಿನ ಚಿತ್ರ ಯಾರೂ ಬರೆಯುವುದಿಲ್ಲ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ತೆರಿಗೆ ವಿರುದ್ಧ ಎದ್ದವರು ಕಟ್ಟಿಕೊಂಡ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ! ಕೊಡಿ ಅಂತ ರಾಜ್ಯಗಳನ್ನು ಕೇಳಬಹುದು, ಅವರು ಕೊಟ್ಟರೆ ಉಂಟು. ಇನ್ನೇನು ಮಾಡುತ್ತಾರೆ, ನೋಟು ಅಚ್ಚು ಹಾಕಿದರು. 20 ಕೋಟಿ ಡಾಲರಿಗೂ ಹೆಚ್ಚು. ಸಾಲದು ಅಂತ ನ್ಯೂಯಾರ್ಕಿನಲ್ಲಿದ್ದ ಬ್ರಿಟಿಷರು ಅದರ ಖೋಟಾ ನೋಟು ಮಾಡಿ ಹಂಚಿದರು. 1780ರಲ್ಲಿ ಕಾಂಗ್ರೆಸ್ಸೇ 40 ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರ್ ಅಂತ ಲೆಕ್ಕ ಕಟ್ಟಿತು. ಮರುವರ್ಷ ಅದಕ್ಕೂ ಬೆಲೆ ಇಲ್ಲ.

ಇದರ ಫಲ 1777–78ರ ಚಳಿಗಾಲದಲ್ಲಿ ವ್ಯಾಲಿ ಫೋರ್ಜ್ ಶಿಬಿರದಲ್ಲಿ ಕಂಡಿತು. ಅಲ್ಲಿ ಒಂದೂ ಕಾಳಗ ನಡೆಯಲಿಲ್ಲ. ಆದರೂ ಸುಮಾರು 2,000 ಸೈನಿಕರು ಸತ್ತರು, ರೋಗದಿಂದ. ಕಾಲಿಗೆ ಬೂಟಿಲ್ಲದೆ, ಮೈಗೆ ಬಟ್ಟೆಯಿಲ್ಲದೆ ಕೆಲಸಕ್ಕೆ ಬಾರದ 2,898 ಜನ ಶಿಬಿರದಲ್ಲಿದ್ದಾರೆ ಅಂತ ವಾಷಿಂಗ್ಟನ್ ಡಿಸೆಂಬರ್ 23ರಂದು ಕಾಂಗ್ರೆಸ್ಸಿಗೆ ಬರೆದರು. ಸುತ್ತಮುತ್ತ ಬರ ಇತ್ತಾ? ಇಲ್ಲ. ಪೆನ್ಸಿಲ್ವೇನಿಯಾ ಒಳ್ಳೆ ಫಸಲಿನ ನಾಡು. ಆದರೆ ರೈತರು ಹಿಟ್ಟನ್ನು ಫಿಲಡೆಲ್ಫಿಯಾದ ಬ್ರಿಟಿಷರಿಗೆ ಮಾರುತ್ತಿದ್ದರು. ಅವರು ಚಿನ್ನದ ನಾಣ್ಯ ಕೊಡುತ್ತಿದ್ದರು, ಇವರು ಕಾಗದ. ದೇಶಭಕ್ತಿಯ ಬಗ್ಗೆ ದೊಡ್ಡ ಮಾತಾಡುವ ಮುಂಚೆ ಈ ರೈತರನ್ನು ನೆನೆಯಬೇಕು. ಅವರೂ ಹೊಟ್ಟೆಪಾಡಿನವರೇ.

ಆ ಶಿಬಿರಕ್ಕೆ ಪ್ರಷ್ಯಾದಿಂದ ಸ್ಟೂಬೆನ್ ಅನ್ನುವ ಅಧಿಕಾರಿ ಬಂದ. ತನ್ನ ಹುದ್ದೆಯ ಬಗ್ಗೆ ಸ್ವಲ್ಪ ಬಣ್ಣ ಹಚ್ಚಿ ಹೇಳಿಕೊಂಡಿದ್ದ. ಇಂಗ್ಲಿಷ್ ಸರಿಯಾಗಿ ಬಾರದು, ಬೈಗುಳವನ್ನೂ ಅನುವಾದ ಮಾಡಿಸಬೇಕಿತ್ತು. ಆದರೆ ಕೆಲಸ ಗೊತ್ತಿತ್ತು. ಕವಾಯತು ಕಲಿಸಿದ, ಗುಡಿಸಲುಗಳನ್ನು ಸಾಲಾಗಿ ಹಾಕಿಸಿದ, ಪಾಯಿಖಾನೆಯನ್ನು ಅಡುಗೆ ಜಾಗದಿಂದ ದೂರ ಮಾಡಿಸಿದ. ಸರಬರಾಜಿನ ಹೊಣೆಯನ್ನು ನಥಾನಿಯಲ್ ಗ್ರೀನ್ ಅನ್ನುವ ಜನರಲ್ ಮನಸ್ಸಿಲ್ಲದ ಮನಸ್ಸಿನಿಂದ ಹೊತ್ತ. ಇತಿಹಾಸದಲ್ಲಿ ಸರಬರಾಜು ಮಾಡಿದವನ ಹೆಸರನ್ನು ಯಾರಾದರೂ ಕೇಳಿದ್ದಾರಾ ಅಂತ ಅವನು ಗೊಣಗಿದ್ದು ದಾಖಲೆಯಲ್ಲಿದೆ. ಬಂಡಿ, ಎತ್ತು, ದಾರಿ, ಗೋದಾಮು ಎಲ್ಲ ಅವನ ಕಾಲದಲ್ಲಿ ಒಂದು ಹದಕ್ಕೆ ಬಂದವು. ಶಿಬಿರದ ಜೊತೆಗೆ ನಡೆದ ನೂರಾರು ಹೆಂಗಸರನ್ನೂ ಮರೆಯಬಾರದು. ಬಟ್ಟೆ ಒಗೆದವರು, ಗಾಯಕ್ಕೆ ಕಟ್ಟು ಕಟ್ಟಿದವರು ಅವರು. 1780ರಲ್ಲಿ ಫಿಲಡೆಲ್ಫಿಯಾದ ಹೆಂಗಸರು ಎಸ್ತರ್ ರೀಡ್ ಮುಂದಾಳತ್ವದಲ್ಲಿ ಮನೆಮನೆಗೆ ಹೋಗಿ ಚಂದಾ ಎತ್ತಿದರು. ಸೈನಿಕರ ಕೈಗೆ ನಗದು ಕೊಡಬೇಕು ಅನ್ನುವುದು ಅವರ ಆಸೆ. ವಾಷಿಂಗ್ಟನ್ ಬೇಡ, ಅಂಗಿ ಕೊಡಿ ಅಂದರು. ಕೊನೆಗೆ 2,000ಕ್ಕೂ ಹೆಚ್ಚು ಅಂಗಿ ಹೊಲಿದು ಕೊಟ್ಟರು. ಒಂದೊಂದು ಅಂಗಿಯ ಮೇಲೂ ಹೊಲಿದವಳ ಹೆಸರು.

1777ರ ಅಕ್ಟೋಬರ್ 17. ಕೆನಡಾ ಕಡೆಯಿಂದ ಕಾಡಿನೊಳಗೆ ಇಳಿದು ಬಂದ ಜನರಲ್ ಬರ್ಗಾಯ್ನ್ ಸರಟೋಗಾದಲ್ಲಿ ಸುಮಾರು 5,800 ಜನರ ಸಮೇತ ಶರಣಾದ. ಅವನ ಕಷ್ಟವೂ ಉಗ್ರಾಣದ್ದೇ. ದಾರಿ ಇಲ್ಲದ ಕಾಡು, ಬಂಡಿ ಸಾಲದು, ಆಹಾರ ಹುಡುಕಲು ಕಳಿಸಿದ ತುಕಡಿ ಬೆನ್ನಿಂಗ್ಟನ್ನಿನ ಹತ್ತಿರ ನಾಶವಾಯಿತು. ಅಮೆರಿಕನ್ನರ ಕೈಯಲ್ಲಿ ಆಗ ಫ್ರೆಂಚ್ ಬಂದೂಕು, ಫ್ರೆಂಚ್ ಮದ್ದು ಇತ್ತು. ಅದನ್ನು ಕಳಿಸಿದವನು ಬೋಮಾರ್ಷೆ, ನಾಟಕಕಾರ. ಫ್ರೆಂಚ್ ಸರ್ಕಾರದ ಗುಟ್ಟಿನ ದುಡ್ಡಿನಲ್ಲಿ ಒಂದು ಸುಳ್ಳು ವ್ಯಾಪಾರಿ ಕಂಪನಿ ತೆರೆದು ಶಸ್ತ್ರ ಸಾಗಿಸಿದ. ಸರಟೋಗಾದ ಸುದ್ದಿ ಕೇಳಿ ಫ್ರಾನ್ಸ್ ಮುಸುಕು ತೆಗೆಯಿತು. 1778ರ ಫೆಬ್ರವರಿ 6ರಂದು ಒಪ್ಪಂದವಾಯಿತು. 1779ರಲ್ಲಿ ಸ್ಪೇನ್ ಕೂಡ ಯುದ್ಧಕ್ಕೆ ಇಳಿಯಿತು. ಫ್ರಾನ್ಸಿಗೆ ಸ್ವಾತಂತ್ರ್ಯದ ಮೇಲೆ ಪ್ರೀತಿ ಅಂತ ಅಂದುಕೊಳ್ಳಬೇಡಿ. 1763ರ ಸೇಡು ಅದು.

ಇಲ್ಲಿಂದ ಯುದ್ಧ ಜಗತ್ತಿಗೆಲ್ಲ ಹಬ್ಬಿತು. ನಮ್ಮ ಕಡೆಗೂ ಬಂತು. ಫ್ರಾನ್ಸ್ ವೈರಿಯಾದ ಕೂಡಲೇ ಕಂಪನಿ 1778ರಲ್ಲಿ ಪಾಂಡಿಚೇರಿ ಹಿಡಿಯಿತು, 1779ರಲ್ಲಿ ಮಾಹೆಯನ್ನೂ ಹಿಡಿಯಿತು. ಮಾಹೆ ಹೈದರನಿಗೆ ಶಸ್ತ್ರ ಬರುತ್ತಿದ್ದ ಬಾಗಿಲು. ಮುಟ್ಟಬೇಡಿ ಅಂತ ಎಚ್ಚರಿಸಿದ್ದ, ಕೇಳಲಿಲ್ಲ. ಎರಡನೇ ಮೈಸೂರು ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಕಿಡಿ ಇದು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ಪೂರ್ತಿ ನಾಶವಾಯಿತು. ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್ತಿನ ಗೋಡೆ ಮೇಲೆ ನೀವು ನೋಡಿರುವ ಆ ಚಿತ್ರ ಇದೇ ಕಾಳಗದ್ದು. ಬೇಲಿಯ ಹೆಸರಿನ ನೆಲಮಾಳಿಗೆ ಸೆರೆಮನೆಯೂ ಅಲ್ಲೇ ಇದೆ. ಹೈದರನ ಸುದ್ದಿ ಅಮೆರಿಕದವರೆಗೂ ಮುಟ್ಟಿತ್ತು. ಪೆನ್ಸಿಲ್ವೇನಿಯಾದವರು ಒಂದು ಯುದ್ಧದ ಹಡಗಿಗೆ 'ಹೈದರ್ ಅಲಿ' ಅಂತ ಹೆಸರಿಟ್ಟರು. 1782ರ ಏಪ್ರಿಲಿನಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ತನಗಿಂತ ಬಲವಾದ 'ಜನರಲ್ ಮಂಕ್' ಅನ್ನುವ ಬ್ರಿಟಿಷ್ ಹಡಗನ್ನು ಹಿಡಿಯಿತು. ಹೆಸರಿಟ್ಟವರು ಹೈದರನ ಮುಖ ನೋಡಿದವರಲ್ಲ. ವೈರಿ ಒಬ್ಬನೇ, ಅಷ್ಟು ಸಾಕಾಗಿತ್ತು.

ಬ್ರಿಟನ್ ಈಗ ಜಮೈಕಾ ಕಾಯಬೇಕು, ಜಿಬ್ರಾಲ್ಟರ್ ಕಾಯಬೇಕು, ಮದರಾಸು ಕಾಯಬೇಕು, ಸ್ವಂತ ಕರಾವಳಿಯನ್ನೂ ಕಾಯಬೇಕು. ಅಮೆರಿಕಕ್ಕೆ ಮಿಕ್ಕಷ್ಟು. ಅದರಿಂದ ದಕ್ಷಿಣದ ವಸಾಹತುಗಳಿಗೆ ಕೈ ಹಾಕಿದರು. 1780ರ ಮೇ ತಿಂಗಳಲ್ಲಿ ಚಾರ್ಲ್ಸ್‌ಟನ್ ಬಿತ್ತು, 5,000 ಅಮೆರಿಕನ್ನರು ಸೆರೆಯಾದರು. ಆಗಸ್ಟಿನಲ್ಲಿ ಕ್ಯಾಮ್‌ಡನ್ನಿನಲ್ಲಿ ಇನ್ನೊಂದು ಸೈನ್ಯ ಚೆಲ್ಲಾಪಿಲ್ಲಿ. ಗೆದ್ದವನು ಲಾರ್ಡ್ ಕಾರ್ನ್‌ವಾಲಿಸ್. ಹೆಸರು ಕೇಳಿದ್ದೀರಿ, ಮತ್ತೆ ಬರುತ್ತಾನೆ.

ಅವನ ಎದುರಿಗೆ ವಾಷಿಂಗ್ಟನ್ ಕಳಿಸಿದ್ದು ನಮ್ಮ ಉಗ್ರಾಣದ ಗ್ರೀನ್‌ನನ್ನೇ. ಗ್ರೀನ್ ಬಂದವನೇ ಮೊದಲು ಮಾಡಿಸಿದ ಕೆಲಸ ನದಿಗಳ ಅಳತೆ: ಎಲ್ಲಿ ದಾಟಬಹುದು, ದೋಣಿ ಎಷ್ಟಿವೆ. 1781ರ ಜನವರಿಯಲ್ಲಿ ಕೌಪೆನ್ಸ್ ಎಂಬಲ್ಲಿ ಡೇನಿಯಲ್ ಮಾರ್ಗನ್ ಬ್ರಿಟಿಷರ ಒಂದು ಒಳ್ಳೆ ತುಕಡಿಯನ್ನು ಮುಗಿಸಿದ. ಸಿಟ್ಟಿಗೆದ್ದ ಕಾರ್ನ್‌ವಾಲಿಸ್ ಬೇಗ ಓಡಬೇಕು ಅಂತ ತನ್ನದೇ ಬಂಡಿ, ಡೇರೆ, ರಮ್ ಪೀಪಾಯಿಗಳನ್ನು ಸುಟ್ಟ. ಊಹಿಸಿಕೊಳ್ಳಿ, ಚಳಿಗಾಲದಲ್ಲಿ, ವೈರಿಯ ನಾಡಿನಲ್ಲಿ. ಗ್ರೀನ್ ಮುಂದೆ ಓಡಿದ, ಇವನು ಅಟ್ಟಿದ. ಡ್ಯಾನ್ ನದಿ ಹತ್ತಿರ ಗ್ರೀನ್‌ಗೆ ದೋಣಿ ಕಾದಿದ್ದವು. ಬ್ರಿಟಿಷರು ಬರುವ ಹೊತ್ತಿಗೆ ಎಲ್ಲ ದೋಣಿ ಆಚೆ ದಡದಲ್ಲಿ. ಮಾರ್ಚಿನಲ್ಲಿ ಗಿಲ್‌ಫರ್ಡ್ ಎಂಬಲ್ಲಿ ಕಾಳಗ ನಡೆಯಿತು, ಕಾರ್ನ್‌ವಾಲಿಸ್ ಗೆದ್ದ. ಗೆದ್ದು 1,900 ಜನರಲ್ಲಿ 500ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡ. ಇಂಥ ಇನ್ನೊಂದು ಗೆಲುವು ಬಂದರೆ ನಮ್ಮ ಸೈನ್ಯ ಹಾಳಾಗುತ್ತದೆ ಅಂತ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಚಾರ್ಲ್ಸ್ ಫಾಕ್ಸ್ ಹೇಳಿದರು. ಗ್ರೀನ್ ಬರೆದದ್ದು ಇನ್ನೂ ಚಿಕ್ಕದು: ಕಾದುತ್ತೇವೆ, ಸೋಲುತ್ತೇವೆ, ಏಳುತ್ತೇವೆ, ಮತ್ತೆ ಕಾದುತ್ತೇವೆ. ದಕ್ಷಿಣದಲ್ಲಿ ಅವನು ದೊಡ್ಡ ಕಾಳಗ ಒಂದನ್ನೂ ಸರಿಯಾಗಿ ಗೆಲ್ಲಲಿಲ್ಲ. ಆದರೆ ವರ್ಷ ಮುಗಿಯುವ ಹೊತ್ತಿಗೆ ಬ್ರಿಟಿಷರ ಕೈಯಲ್ಲಿ ಉಳಿದದ್ದು ಬಂದರು ಊರುಗಳು ಮಾತ್ರ.

ಕಾರ್ನ್‌ವಾಲಿಸ್ ಬಡಕಲಾದ ಸೈನ್ಯದೊಂದಿಗೆ ವರ್ಜೀನಿಯಾಗೆ ಹೋಗಿ ಯಾರ್ಕ್‌ಟೌನ್ ಅನ್ನುವ ಬಂದರಿನಲ್ಲಿ ಕೂತ. ಬೆನ್ನಿಗೆ ಸಮುದ್ರ, ಸಮುದ್ರದ ಮೇಲೆ ನಮ್ಮ ನೌಕಾಪಡೆ, ಹೆದರಿಕೆ ಏನು ಅನ್ನುವ ಧೈರ್ಯ. ಅದೇ ವರ್ಷ ಜನವರಿಯಲ್ಲಿ ವಾಷಿಂಗ್ಟನ್ನಿನ ಸೈನ್ಯದಲ್ಲಿ ಸಂಬಳ, ಬಟ್ಟೆ, ಕರಾರಿನ ಅವಧಿಗಾಗಿ ಎರಡು ದಂಗೆ ಎದ್ದಿದ್ದವು. ಅಂಥ ಸೈನ್ಯವನ್ನು ಕಟ್ಟಿಕೊಂಡು, ರೋಷಂಬೋನ ಫ್ರೆಂಚ್ ಸೈನ್ಯದ ಜೊತೆ ನ್ಯೂಯಾರ್ಕಿನಿಂದ ನೂರಾರು ಮೈಲಿ ನಡೆದು ಬರಬೇಕು. ದಾರಿಯಲ್ಲಿ ಸೈನಿಕರು ಒಂದು ತಿಂಗಳ ಸಂಬಳ ನಾಣ್ಯದಲ್ಲಿ ಕೊಡಿ, ಇಲ್ಲದಿದ್ದರೆ ಮುಂದೆ ಹೋಗುವುದಿಲ್ಲ ಅಂದರು. ರೋಷಂಬೋ ತನ್ನ ಪೆಟ್ಟಿಗೆಯಿಂದ ಸಾಲ ಕೊಟ್ಟ. ಆ ಸೈನಿಕರಲ್ಲಿ ಎಷ್ಟೋ ಜನ ನಿಜವಾದ ನಾಣ್ಯ ಕಂಡು ವರ್ಷಗಳೇ ಆಗಿದ್ದವು. ಅತ್ತ ಫ್ರೆಂಚ್ ನೌಕಾಧಿಪತಿ ಡಿ ಗ್ರಾಸ್ ಕೆರಿಬಿಯನ್ನಿನಿಂದ 28 ದೊಡ್ಡ ಹಡಗು, 3,000 ಸೈನಿಕರು, ಹವಾನಾದಲ್ಲಿ ಎತ್ತಿದ ಬೆಳ್ಳಿ ನಾಣ್ಯ ತಂದ. ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಿಯಲ್ಲಿ ಬ್ರಿಟಿಷ್ ನೌಕಾಪಡೆಯನ್ನು ತಡೆದ. ಮುಳುಗಿದ ಹಡಗು ಬಹಳ ಇಲ್ಲ, ನೋಡಲು ಅಂಥ ದೊಡ್ಡ ಯುದ್ಧವೂ ಅಲ್ಲ. ಆದರೆ ಬಾಗಿಲು ಮುಚ್ಚಿತು. ಅಕ್ಟೋಬರ್ 19ರಂದು 7,000ಕ್ಕೂ ಹೆಚ್ಚು ಜನ ಶರಣಾದರು. ಕಾರ್ನ್‌ವಾಲಿಸ್ ಮೈ ಸರಿಯಿಲ್ಲ ಅಂತ ಹೇಳಿ ಕತ್ತಿ ಒಪ್ಪಿಸಲು ಕೈಕೆಳಗಿನವನನ್ನು ಕಳಿಸಿದ.

1783ರ ಸೆಪ್ಟೆಂಬರ್ 3ರಂದು ಪ್ಯಾರಿಸ್ಸಿನಲ್ಲಿ ಒಪ್ಪಂದ. ಮಿಸ್ಸಿಸ್ಸಿಪ್ಪಿ ನದಿಯವರೆಗಿನ ನೆಲ ಹೊಸ ದೇಶಕ್ಕೆ ಬಂತು. ಆ ನೆಲದಲ್ಲಿ ಬದುಕಿದ್ದ ಮೂಲನಿವಾಸಿಗಳ ಹೆಸರೇ ಒಪ್ಪಂದದಲ್ಲಿಲ್ಲ. 1779ರಲ್ಲಿ ವಾಷಿಂಗ್ಟನ್ನಿನ ಆಜ್ಞೆಯಂತೆ ಜನರಲ್ ಸಲಿವನ್ ಇರೊಕ್ವಾ ಜನರ 40 ಹಳ್ಳಿಗಳನ್ನು ಸುಟ್ಟಿದ್ದ. ಜೋಳದ ಹೊಲ, ಹಣ್ಣಿನ ತೋಟ ಬಿಡಲಿಲ್ಲ. ತಮಗೆ ಅನ್ನ ಇಲ್ಲದ ಕಷ್ಟ ಗೊತ್ತಿದ್ದವರೇ ಇನ್ನೊಬ್ಬರ ಅನ್ನಕ್ಕೆ ಬೆಂಕಿ ಹಾಕಿದರು. ವಸಾಹತುಗಳ ಸುಮಾರು 25 ಲಕ್ಷ ಜನರಲ್ಲಿ 5 ಲಕ್ಷ ಜನ ಗುಲಾಮರು. ನಮ್ಮ ಕಡೆ ಬಂದರೆ ಬಿಡುಗಡೆ ಅಂತ ಬ್ರಿಟಿಷ್ ಗವರ್ನರ್ ಡನ್‌ಮೋರ್ 1775ರಲ್ಲಿ ಸಾರಿದ್ದ. ಬ್ರಿಟಿಷರದ್ದೂ ದಯೆ ಅಲ್ಲ, ತಂತ್ರ. ಆದರೂ ಸಾವಿರಾರು ಜನ ಓಡಿಹೋದರು. ಹೀಗೆ ಓಡಿದವರಲ್ಲಿ ವಾಷಿಂಗ್ಟನ್ನಿನ ಸ್ವಂತ ತೋಟದ ಹ್ಯಾರಿ ಅನ್ನುವವನೂ ಇದ್ದ. ಯುದ್ಧ ಮುಗಿದಾಗ ಬ್ರಿಟಿಷ್ ಹಡಗು ಹತ್ತಿದ ಸುಮಾರು 3,000 ಕಪ್ಪು ಜನರ ಪಟ್ಟಿಯಲ್ಲಿ ಅವನ ಹೆಸರಿದೆ. ನೋವಾ ಸ್ಕೋಶಿಯಾಗೆ ಹೋಗಿ, ಅಲ್ಲಿಂದ 1792ರಲ್ಲಿ ಆಫ್ರಿಕಾದ ಸಿಯೆರಾ ಲಿಯೋನ್ ಸೇರಿದ. ಹ್ಯಾರಿ ವಾಷಿಂಗ್ಟನ್ನಿಗೆ ಸ್ವಾತಂತ್ರ್ಯ ಸಿಕ್ಕಿದ್ದು ಜಾರ್ಜ್ ವಾಷಿಂಗ್ಟನ್ ಸೋಲಿಸಿದವರ ಹಡಗಿನಲ್ಲಿ.

ನಮ್ಮ ಕಡೆ ಏನಾಯಿತು? ಯುರೋಪಿನಲ್ಲಿ ಸಂಧಿಯಾದ ಸುದ್ದಿ 1783ರ ನಡುವಿಗೆ ಇಲ್ಲಿಗೆ ಮುಟ್ಟಿತು. ಕಡಲೂರಿನಲ್ಲಿ, ಮಂಗಳೂರಿನಲ್ಲಿ ಫ್ರೆಂಚರು ಯುದ್ಧ ನಿಲ್ಲಿಸಿ ಪಕ್ಕಕ್ಕೆ ಸರಿದರು. ಹೈದರ್ ಅಷ್ಟು ಹೊತ್ತಿಗೆ ತೀರಿಹೋಗಿದ್ದ. ಟಿಪ್ಪು ಒಬ್ಬನೇ ಉಳಿದ. 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಕಂಪನಿಯ ಜೊತೆ ತನ್ನದೇ ಒಪ್ಪಂದ ಮಾಡಿಕೊಂಡ.

ಎರಡು ವರ್ಷ ಕಳೆದು, 1786ರಲ್ಲಿ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ ಅರಕೆರೆಯಲ್ಲಿ ಕಾಳಗ ಗೆದ್ದ. ಆದರೆ ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸಾವಿರಗಟ್ಟಲೆ ಸತ್ತವು, ಸೈನ್ಯಕ್ಕೆ ಅಕ್ಕಿ ಮುಗಿಯಿತು. ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಬೆಂಗಳೂರಿಗೆ ವಾಪಸ್ ನಡೆದ. ಗಿಲ್‌ಫರ್ಡಿನ ಹಾಗೇ, ಗೆದ್ದು ಹಿಂದಿರುಗಿದ. ಈ ಸಲ ಮಾತ್ರ ಅವನು ಸುಮ್ನೆ ಕೂರಲಿಲ್ಲ. ಧಾನ್ಯ ಹೇರಿಕೊಂಡು ಎತ್ತಿನ ಹಿಂಡಿನೊಂದಿಗೆ ನಾಡೆಲ್ಲ ತಿರುಗುವ ಬಂಜಾರರಿಗೆ, ನಮ್ಮ ಲಂಬಾಣಿಗಳಿಗೆ, ಒಳ್ಳೆ ಬೆಲೆ ಕೊಟ್ಟು ಸರಬರಾಜು ಕಟ್ಟಿಸಿದ. ತಿಂಗಳುಗಟ್ಟಲೆ ದಾರಿಯ ಗಿರಿದುರ್ಗಗಳನ್ನು ಒಂದೊಂದಾಗಿ ಹಿಡಿದ. 1792ರ ಫೆಬ್ರವರಿಯಲ್ಲಿ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಅವನ ಸೈನ್ಯಕ್ಕೆ ಊಟಕ್ಕೆ ಕೊರತೆ ಇರಲಿಲ್ಲ. ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿ, ಅದಕ್ಕೆ ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕಳಿಸಿಕೊಟ್ಟ.